ಕೆರೆ ಏರಿಯ ಮೇಲಿನ ಹಡಗು

ನಾವು ಚಿಕ್ಕವರಿದ್ದ ಕಾಲದಲ್ಲಿ ಕಳ್ಳಂಬೆಳ್ಳದ ಕೆರೆಯಲ್ಲಿ ತಿಮಿಂಗಿಲಗಳಿದ್ದವು. ನಗಬೇಡಿ, ಕೇಳಿ. ಏರಿಯ ಮೇಲೆ ಒಂದು ಅಗಲವಾದ ಹಾಸುಬಂಡೆ ಇತ್ತು, ಅದು ನಮ್ಮ ಹಡಗು. ಬಿಸಿಲು ಏರಿದ ಮೇಲೆ ಊರಿನ ಎಮ್ಮೆಗಳು ನೀರಿಗಿಳಿದು ಮೂಗಿನ ತನಕ ಮುಳುಗಿ ಕೂರುತ್ತಿದ್ದವು. ಯಾವುದಾದರೂ ಎಮ್ಮೆ ಬೆನ್ನು ಮೇಲೆತ್ತಿ ಬುಸ್ಸೆಂದು ಉಸಿರು ಬಿಟ್ಟರೆ ಸಾಕು, ಕಂಡವರು “ಅಗೋ ಮೀನು!” ಎಂದು ಕೂಗಬೇಕು. ಮೊದಲು ಕೂಗಿದವರಿಗೆ ಮಿಕ್ಕವರು ತಲಾ ಒಂದು ಹಿಡಿ ಹುರಿಗಾಳು ಕೊಡಬೇಕು. ನನ್ನ ಕಣ್ಣು ಆಗ ಬಲು ಚುರುಕು. ಲಂಗದ ಮಡಿಲ ತುಂಬ ಹುರಿದ ಹುರುಳಿ ಕಟ್ಟಿಕೊಂಡು, ಗಂಡುಹುಡುಗರನ್ನು ಅಣಕಿಸುತ್ತ ಮನೆಗೆ ಹೋಗುತ್ತಿದ್ದೆ.

ಈ ಆಟ ಕಲಿಸಿದವನು ನನ್ನ ಚಿಕ್ಕಪ್ಪ ಸಿದ್ದಣ್ಣ. ಸುತ್ತಿನ ಹಳ್ಳಿಗಳಲ್ಲಿ ಸಮುದ್ರ ಕಂಡು ಬಂದವನು ಅವನೊಬ್ಬನೇ. ನಾವು ಕುರಿ ಸಾಕುವ ಕುರುಬರು. ಮಹಾರಾಜರ ಆಳ್ವಿಕೆಯ ಆ ದಿನಗಳಲ್ಲಿ ಎಲ್ಲೋ ದೂರದೇಶದಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ಅದೇ ಹೊತ್ತಿಗೆ ನಮ್ಮ ಹಿಂಡಿಗೆ ರೋಗ ಬಡಿದು, ಕುರಿ ಕೂಡುವ ರೊಪ್ಪ ಅರ್ಧ ಖಾಲಿಯಾಗಿತ್ತು. ಸಮುದ್ರದಾಚೆ ಬಸ್ರಾ ಎಂಬಲ್ಲಿ ದಂಡಿನ ಹೇಸರಗತ್ತೆ ನೋಡಿಕೊಳ್ಳಲು ಪ್ರಾಣಿಗಳ ಮರ್ಮ ಬಲ್ಲವರು ಬೇಕೆಂದು ಒಬ್ಬ ಮೇಸ್ತ್ರಿ ಶಿರಾಕ್ಕೆ ಬಂದು ಆಳು ಕಟ್ಟುತ್ತಿದ್ದ. ನನ್ನ ದೊಡ್ಡಪ್ಪ ಬೀರಪ್ಪ ಹೊರಟ. ಅಣ್ಣನ ಹಿಂದೆ ಚಿಕ್ಕಪ್ಪನೂ ಹೊರಟ. ಇಬ್ಬರ ಹೆಗಲಿಗೂ ಒಂದೊಂದು ಕರಿ ಕಂಬಳಿ. ದೊಡ್ಡಪ್ಪನ ಕಂಬಳಿಯ ಅಂಚಿಗೆ ದೊಡ್ಡಮ್ಮ ತಾನೇ ಕೆಂಪು ದಾರ ಹಾಕಿ ಹೊಲಿದಿದ್ದಳು.

ಹೋದವರಿಬ್ಬರಿಗೂ ಓದು ಬರಹ ಬಾರದು. ಒಂದು ಸುದ್ದಿಯೂ ಬರಲಿಲ್ಲ. ವರ್ಷ ಕಳೆದ ಮೇಲೆ ಒಂದು ಸಂಜೆ ಚಿಕ್ಕಪ್ಪನೊಬ್ಬನೇ ಬಂದು ಅಂಗಳದಲ್ಲಿ ನಿಂತ. ಮೈಯಲ್ಲಿ ಮೂಳೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅವನ ಹೆಗಲ ಮೇಲಿದ್ದದ್ದು ಕೆಂಪು ಅಂಚಿನ ಕಂಬಳಿ.

“ಅಣ್ಣ ಅಲ್ಲೇ ಅವ್ನೆ ಕಣವ್ವಾ. ಕೆಲಸ ಇನ್ನೂ ಮುಗ್ದಿಲ್ಲ. ಮುಂದಿನ ಆಗಬೋಟ್ನಾಗೆ ಬತ್ತಾನೆ” ಎಂದ ಅಜ್ಜಿಗೆ. ಆಗಬೋಟು ಎಂದರೆ ಹೊಗೆಹಡಗು.

“ಮತ್ತೆ ಅವ್ನ ಕಂಬ್ಳಿ?” ಎಂದು ದೊಡ್ಡಮ್ಮ ಬಾಗಿಲ ಮರೆಯಿಂದಲೇ ಕೇಳಿದಳು.

“ಅಲ್ಲಿ ಬೆಂಕಿ ಬಿಸ್ಲು ಅತ್ಗೆ. ನಂದು ಹರ್ದೋಯ್ತು ಅಂತ ಕೊಟ್ಟು ಕಳ್ಸ್‌ದ.”

ಕುರುಬ ಹೆಂಡತಿಯನ್ನು ಬಿಟ್ಟು ವರ್ಷಗಟ್ಟಲೆ ಇದ್ದಾನು, ಕಂಬಳಿ ಬಿಟ್ಟಿರುವುದಿಲ್ಲ. ಅದೇ ಅವನ ಹಾಸಿಗೆ, ಕೊಡೆ, ಗುಡಿಸಲು ಎಲ್ಲ. ದೊಡ್ಡಮ್ಮನಿಗೆ ಇದು ಗೊತ್ತಿರಲಿಲ್ಲವೇ? ಆದರೂ ದಿನವೂ ಅರಿಶಿನ ಕುಂಕುಮ ಇಟ್ಟುಕೊಂಡು ಮುಂದಿನ ಹಡಗಿಗೆ ಕಾದಳು.

ನಮಗೋ ಚಿಕ್ಕಪ್ಪನೇ ಜಾತ್ರೆ. ಅಂಗಳದಲ್ಲಿ ಹೆಂಗಸರು ಉಣ್ಣೆ ನೂಲುತ್ತ ಕೂತಿದ್ದರೆ ನಾವು ಅವನ ಸುತ್ತ ಮುತ್ತಿಕೊಳ್ಳುತ್ತಿದ್ದೆವು.

“ಮೊದ್ಲು ಕಂಡಿದ್ದು ಹಾರೋ ಮೀನು ಕಣ್ರಲಾ. ಹೊಲದಾಗೆ ಮಿಡ್ತೆ ಎದ್ದಂಗೆ ಬುರ್ರಂತ ಏಳ್ತವೆ. ಒಂದು ನಮ್ಮ ಕಾಲ್ತಾವ್ಲೇ ಬಿತ್ತು. ಅಣ್ಣ ಟವಲ್ನಾಗೆ ಹಿಡ್ದ. ಆಮೇಲೆ ನೆಗೆಯೋ ಮೀನು. ಆಗಬೋಟಿನ ಮುಂದ್‌ಮುಂದೇನೇ ಮೇಕೆಮರಿ ಕುಣ್ದಂಗೆ ಕುಣೀತವೆ. ಅಣ್ಣ ಕುರಿ ಕರ್ದಂಗೆ ಸಿಳ್ಳೆ ಹಾಕ್ದ. ಅವು ತಿರುಗಿ ನೋಡಿದ್ವು ಅಂತೀನಿ!”

“ದೊಡ್ಡ ಮೀನು, ಚಿಕ್ಕಪ್ಪಾ? ದೊಡ್ಡ ಮೀನು ಹೇಳು!”

ಅಲ್ಲಿಗೆ ಬಂದರೆ ಅವನ ದನಿ ತಗ್ಗುತ್ತಿತ್ತು. “ಒಂದಿನ ಬೆಳಿಗ್ಗೆ. ನೀರು ಸೀಳ್ಕಂಡು ಕರೀ ಬಂಡೆ ಎದ್ದಂಗೆ ಎದ್ತು. ಅದ್ರ ಬೆನ್ನ ಮೇಲೆ ನಮ್ ಕುರಿರೊಪ್ಪ ಕಟ್ಬೋದು. ಬುಸ್ ಅಂತ ಉಸ್ರು ಬುಡ್ತು ನೋಡು, ನೀರು ಈಚಲಮರದೆತ್ರ ಹೋಯ್ತು. ಆಮೇಲೆ ಮುಳುಗೋಯ್ತು. ಅಷ್ಟೇ.” ಕತೆ ಮುಗಿದರೆ ಅವನು ಎದ್ದು ಎಲ್ಲಾದರೂ ಹೊರಟುಬಿಡುತ್ತಿದ್ದ. ನಾವು ಹಡಗಾಟಕ್ಕೆ ಏರಿಯ ಕಡೆ ಓಡುತ್ತಿದ್ದೆವು.

ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗಿಳಿಸಿ ತೊಳೆಯುವುದು ವಾಡಿಕೆ. ಗಂಡಸರು ಸೊಂಟದ ನೀರಿನಲ್ಲಿ ನಿಂತು ಒಂದೊಂದೇ ಕುರಿಯನ್ನು ಮುಳುಗಿಸಿ ಉಜ್ಜುತ್ತಾರೆ. ಒದ್ದೆ ಉಣ್ಣೆ, ಹಿಕ್ಕೆ, ಕೆಸರು ಎಲ್ಲ ಸೇರಿದ ಆ ವಾಸನೆ ನನಗೆ ಈಗಲೂ ಇಷ್ಟ. ಮೊದಲೆಲ್ಲ ಈ ಕೆಲಸದಲ್ಲಿ ಚಿಕ್ಕಪ್ಪನನ್ನು ಮೀರಿಸುವವರಿರಲಿಲ್ಲ. ಆ ವರ್ಷ ಅವನು ನೀರಿಗೇ ಇಳಿಯಲಿಲ್ಲ. ನಮ್ಮ ಹಡಗಿನ ಬಂಡೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತ.

“ಲೇ ಸಿದ್ದ, ಸಮುದ್ರ ದಾಟ್ದೋನ್ಗೆ ಕೆರೆ ನೀರು ಕಂಡ್ರೆ ಯಾಕ್ಲಾ ಭಯ?” ಎಂದು ಅಜ್ಜಿ ದಡದಿಂದ ರೇಗಿದಳು. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ತಾನೇ ನೀರಿಗಿಳಿದಳು. ನಾವು ಮಕ್ಕಳು ಬಂಡೆ ಹತ್ತಿ ಚಿಕ್ಕಪ್ಪನ ಬೆನ್ನಿಗೆ ಬಿದ್ದೆವು. ಕಾಟ ತಾಳಲಾರದೆ ಅವನು ಮತ್ತೆ ಹೇಳಿದ. ಹಾರುವ ಮೀನು, ನೆಗೆಯುವ ಮೀನು, ದೊಡ್ಡ ಮೀನು. ಅವನು “ಅಷ್ಟೇ” ಎಂದಾಗ ದೊಡ್ಡಮ್ಮ ಒಂದು ಕುರಿಯನ್ನು ತೊಡೆಗಳ ನಡುವೆ ಇರುಕಿಸಿಕೊಂಡು ನಿಂತಿದ್ದಳು.

“ಸಿದ್ದಣ್ಣ.”

“ಏನತ್ಗೆ?”

“ಹಾರೋ ಮೀನು ಬಂದಾಗ ನಿಮ್ಮಣ್ಣ ಟವಲ್ನಾಗೆ ಹಿಡ್ದ. ನೆಗೆಯೋ ಮೀನು ಬಂದಾಗ ಸಿಳ್ಳೆ ಹಾಕ್ದ. ದೊಡ್ಡ ಮೀನು ಬಂದಾಗ ಎಲ್ಲಿದ್ದ?”

ಚಿಕ್ಕಪ್ಪ ಮೊಣಕಾಲನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ.

“ಎಷ್ಟು ಸಲ ಕೇಳಿವ್ನಿ. ಒಂದ್ಸಲಾನೂ ಆ ಮೀನಿನ ಕತೇಲಿ ಅವ್ನು ನಿನ್ನ ಪಕ್ದಾಗೆ ಇಲ್ಲ.”

ನಾವು ಮೀನಿಗಾಗಿ ಕೇಳಿದ ಕತೆಯನ್ನು ಅವಳು ತನ್ನ ಗಂಡನಿಗಾಗಿ ಕೇಳುತ್ತಿದ್ದಳು. ಆ ವಯಸ್ಸಿನಲ್ಲೂ ನನಗೆ ಇಷ್ಟು ಅರ್ಥವಾಯಿತು.

ಚಿಕ್ಕಪ್ಪ ನೀರಿನ ಕಡೆ ನೋಡದೆ ಹೇಳಿದ. “ಹೋಗ್ತಾನೇ ಆಗಬೋಟ್ನಾಗೆ ವಾಂತಿ ಭೇದಿ ಹತ್ಕಂತು ಅತ್ಗೆ. ಬೆಳಗಾಗೋದ್ರಾಗೆ ಹೋಗ್ಬುಟ್ಟ. ಹೆಣ ಇಟ್ಕಳಂಗಿಲ್ಲ, ನೀರಿಗೆ ಬುಡಬೇಕು ಅಂದ್ರು. ಕಾಲಿಗೆ ಕಬ್ಣ ಕಟ್ಟಿದ್ರು. ಸುತ್ತಾಕೆ ಕಂಬ್ಳಿ ಕೇಳಿದ್ರು. ನಂದು ಕೊಟ್ಟೆ. ಅಣ್ಣಂದು ನಿಂಗಿರ್ಲಿ ಅಂತ ಇಟ್ಕಂಡೆ. ಅತ್ಲಾಗೆ ಬುಟ್ರು, ಇತ್ಲಾಗೆ ಆ ಮೀನು ಎದ್ತು. ಎಲ್ರೂ ಓ ಅಂತ ಓಡಿದ್ರು ನೋಡಾಕೆ. ನಾನೂ ಓಡ್ದೆ ಅತ್ಗೆ. ಅಷ್ಟು ದೊಡ್ಡ ಮೀನು. ಒಂದು ಗಳಿಗೆ ಅಣ್ಣ ಮರ್ತೇ ಹೋದ.”

ಅಜ್ಜಿ ದಡದಲ್ಲಿ ಕುಸಿದು ಕೂತು ಬೊಬ್ಬೆ ಹಾಕಿದಳು. ನನ್ನಪ್ಪ ನೀರಿನಿಂದ ಎದ್ದು ಅವಳ ಬಳಿ ಓಡಿದ. ದೊಡ್ಡಮ್ಮ ಮಾತ್ರ ಅಲ್ಲಾಡಲಿಲ್ಲ. ಕೈಯಲ್ಲಿದ್ದ ಕುರಿಯನ್ನು ಪೂರ್ತಿ ತೊಳೆದು ದಡಕ್ಕೆ ನೂಕಿದಳು. “ಇನ್ನೊಂದು ಕೊಡಿ” ಎಂದಳು. ಕೊಡಲು ಯಾರಿಗೂ ಕೈ ಬರಲಿಲ್ಲ.

ಹಿರಿಯರ ಹಬ್ಬ ಹತ್ತಿರವಿತ್ತು. ಸತ್ತವರಿಗೆ ಎಡೆ ಇಡುವ ಆ ಅಮಾವಾಸ್ಯೆಗೆ ದೊಡ್ಡಪ್ಪನಿಗೂ ಎಡೆ ಇಡಬೇಕೆಂದು ಅಜ್ಜಿ ಹಟ ಹಿಡಿದಳು. ಮಣ್ಣು ಕಾಣದವನಿಗೆ ಎಡೆ ಇಲ್ಲ ಎಂದರು ಕುಲದ ಹಿರಿಯರು. ಹೆಣವಿಲ್ಲದಿದ್ದರೆ ಅವನ ಮೈಗೆ ತಾಗಿದ ಬಟ್ಟೆಯನ್ನಾದರೂ ಮಣ್ಣು ಮಾಡಬೇಕಂತೆ. ಅವನ ಮೈಗೆ ತಾಗಿದ್ದು ಇನ್ನೇನು ಉಳಿದಿತ್ತು? ಚಿಕ್ಕಪ್ಪ ಸಮುದ್ರದಿಂದ ಬಚ್ಚಿಟ್ಟು ತಂದ ಕಂಬಳಿಯನ್ನು ನಮ್ಮ ಹೊಲದ ಬದುವಿನಲ್ಲಿ ಗುಂಡಿ ತೋಡಿ ಇಳಿಸಿದರು. ಚಿಕ್ಕಪ್ಪ, “ಬ್ಯಾಡ ಅತ್ಗೆ, ಎಡೆ ಇಲ್ದಿದ್ರೆ ಹೋಗ್ಲಿ, ಅದು ನಿಂಗೆ ಅಂತ ತಂದಿದ್ದು” ಎಂದು ಗೋಗರೆದ. “ಅವ್ನು ಹಸ್ಕಂಡಿರ್ತಾನಲ್ಲೋ” ಎಂದಳು ದೊಡ್ಡಮ್ಮ. ಮೊದಲ ಹಿಡಿ ಮಣ್ಣು ಹಾಕಿದವಳೂ ಅವಳೇ. ಅಲ್ಲೇ ಅವಳ ಬಳೆ ಒಡೆದರು. ಹಸಿರು ಚೂರುಗಳು ಬದುವಿನ ಮೇಲೆ ಬಿದ್ದಿದ್ದವು.

ಮಾರನೆಯ ದಿನ ಬಂಡೆಯ ಮೇಲೆ ಕೂತಿದ್ದೆವು. ಎಮ್ಮೆ ಎದ್ದು ಬುಸ್ಸೆಂದಿತು. ಎಲ್ಲರೂ ಕಂಡರು, ಯಾರೂ ಕೂಗಲಿಲ್ಲ. ಆಮೇಲೆ ಆ ಆಟ ನಿಂತೇ ಹೋಯಿತು.

ಹಬ್ಬ ಕಳೆದು ಚಳಿ ಬೀಳುವ ಹೊತ್ತಿಗೆ ಮನೆಮನೆ ಗುಡಿಸಿದ ಆ ಮಹಾಜ್ವರ ನಮ್ಮೂರಿಗೂ ಬಂತು. ಅಜ್ಜಿಯನ್ನು ಮೊದಲು ಕೊಂಡೊಯ್ದಿತು, ಆಮೇಲೆ ಚಿಕ್ಕಪ್ಪನನ್ನು. ಹೊದೆಯಲು ತನ್ನದೊಂದು ಕಂಬಳಿಯೂ ಇಲ್ಲದೆ ಅವನು ನನ್ನಪ್ಪನ ಕಂಬಳಿಯಲ್ಲಿ ನಡುಗುತ್ತ ಸತ್ತ. ಗುಂಡಿ ಮುಚ್ಚಿದ ಮೇಲೆ ದೊಡ್ಡಮ್ಮ, “ಇವನ್ಗಾದ್ರೂ ಮಣ್ಣು ಸಿಕ್ತು” ಎಂದಳು. ಅದನ್ನು ಸಮಾಧಾನ ಎನ್ನುವುದಾದರೆ, ಆ ವರ್ಷ ನಮ್ಮ ಮನೆಗೆ ದಕ್ಕಿದ ಸಮಾಧಾನ ಅದೊಂದೇ.

ಈಗ ಆ ಹೊಲ ಬೇರೆಯವರದು. ಬದುವನ್ನು ಉತ್ತು ಸಮ ಮಾಡಿದ್ದಾರೆ. ಕಂಬಳಿ ಹೂತ ಜಾಗ ನನಗೇ ಗೊತ್ತಾಗಲಿಲ್ಲ. ಹಡಗಿನ ಬಂಡೆಯನ್ನು ಯಾರೋ ಒಡೆದು ಮನೆಯ ಪಾಯಕ್ಕೆ ಸಾಗಿಸಿದ್ದಾರೆ. ನಮ್ಮವರಲ್ಲಿ ಈಗ ಕುರಿ ತೊಳೆಯಬಲ್ಲವರಿಲ್ಲ, ಕುರಿಯೂ ಇಲ್ಲ. ದೊಡ್ಡಮ್ಮ ಹೋಗಿಯೇ ಎಷ್ಟೋ ಕಾಲವಾಯಿತು.

ಮಗನಿಗೆ ಅಂಡಮಾನಿಗೆ ವರ್ಗವಾದಾಗ ಮದರಾಸಿನಿಂದ ಅವನ ಮತ್ತು ಮೊಮ್ಮಗನ ಜೊತೆ ನಾನೂ ಹಡಗು ಹತ್ತಿದೆ. ಮುದುಕಿಗೆ ಸಮುದ್ರ ತೋರಿಸುತ್ತೇನೆಂದು ಅವನಿಗೆ ಹುಮ್ಮಸ್ಸು. ಒಂದು ಬೆಳಿಗ್ಗೆ ಮೇಲಿನ ಅಟ್ಟದಲ್ಲಿ ಗದ್ದಲವೆದ್ದಿತು. ಜನ ಕ್ಯಾಮೆರಾ ಹಿಡಿದು ಕಂಬಿಯ ಕಡೆ ನುಗ್ಗಿದರು. ಚಿಕ್ಕಪ್ಪ ಒಂದಿಷ್ಟೂ ಸುಳ್ಳು ಸೇರಿಸಿರಲಿಲ್ಲ. ಕರೀ ಬಂಡೆ ಎದ್ದ ಹಾಗೆಯೇ ಎದ್ದಿತು. ಅದರ ಉಸಿರು ನನ್ನ ಕಿವಿಗೂ ಕೇಳಿಸಿತು. ಅಷ್ಟು ಜನ ಕೂಗುತ್ತಿದ್ದರೂ ನನ್ನ ಕಣ್ಣು ಮೊದಲು ಹುಡುಕಿದ್ದು ಮೊಮ್ಮಗನನ್ನು. ಪಕ್ಕದಲ್ಲಿದ್ದಾನೆಯೇ ಎಂದು ನೋಡಿದೆ.

ಇದ್ದ. ಅವನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡೇ ಆ ಮೀನನ್ನು ನೋಡಿದೆ.