ಕ್ಲಚ್ಚು ಬಿಚ್ಚಿದ ಭಾನುವಾರ

ಕಾರು ಸರಿದದ್ದು ಒಂದು ಮೊಳವೂ ಇರಲಿಕ್ಕಿಲ್ಲ. ಆದರೆ ಅದರ ಕೆಳಗೆ ಅಪ್ಪ ಇದ್ದರು. ಮಂಡಿಯಿಂದ ಕೆಳಗಿನ ಅವರ ಕಾಲುಗಳು ಮಾತ್ರ ಹೊರಗಿದ್ದವು. ಆ ಕಾಲುಗಳ ಪಕ್ಕದಲ್ಲೇ ನಾನು ಮಣೆ ಹಾಕಿಕೊಂಡು ಕೂತಿದ್ದೆ. ಈಗಲೂ ಬೀದಿಯಲ್ಲಿ ಯಾರಾದರೂ ಕಾರಿನಡಿ ಮಲಗಿ ರಿಪೇರಿ ಮಾಡುತ್ತಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಹಿಂದಿನ ಗಾಲಿಗಳ ಕಡೆಗೆ. ಗಾಲಿಗೆ ಏನು ಕೊಟ್ಟಿದ್ದಾರೆ, ಅದು ಇನ್ನೂ ಅಲ್ಲೇ ಇದೆಯೇ ಎಂದು ನೋಡದೆ ಮುಂದೆ ಹೋಗಲಾರೆ.

ಅದು ಎರಡನೆಯ ಮಹಾಯುದ್ಧದ ಕಾಲ. ಹಲಸೂರು ಕೆರೆಗೆ ಸಮೀಪದ ಇಳಿಜಾರು ಬೀದಿಯಲ್ಲಿ ನಮ್ಮ ಮನೆ. ಅಪ್ಪ ದಂಡಿನ, ಎಂದರೆ ಕಂಟೋನ್ಮೆಂಟಿನ, ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಊರಿಗೆ ಹೊರಟುನಿಂತಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಅವರು ಕೊಂಡಿದ್ದ ಹಳೆಯ ಅಮೆರಿಕನ್ ಕಾರು ಮನೆಯ ಅಂಗಳದಲ್ಲಿ ಒಬ್ಬ ನೆಂಟನ ಹಾಗೆ ಇತ್ತು. ಪೆಟ್ರೋಲಿಗೆ ಕೂಪನ್ ಬಂದ ಮೇಲೆ ಅದು ಹೊರಗೆ ಹೋಗುವುದು ಅಪರೂಪವಾಯಿತು. ಅಪ್ಪ ಮಾತ್ರ ದಿನಾ ಸಂಜೆ ಅದನ್ನು ಒರೆಸಿ, ಒಳಗೆ ಕೂತು ಪತ್ರಿಕೆ ಓದಿ ಬರುತ್ತಿದ್ದರು.

ಅಕ್ಕನನ್ನು ಕೊಟ್ಟಿದ್ದುದು ಕೃಷ್ಣರಾಜಪುರಕ್ಕೆ. ಅವಳಿಗೆ ಚೊಚ್ಚಲ ಹೆರಿಗೆ ಹತ್ತಿರವಾಗಿತ್ತು. ಅಮ್ಮ ಆಗಲೇ ಅಲ್ಲಿಗೆ ಹೋಗಿ ಕೂತು, ಕರೆದುಕೊಂಡು ಬರಲು ಕಾರು ಕಳಿಸಿ ಎಂದು ಹೇಳಿಕಳಿಸಿದ್ದರು. ಆ ರಸ್ತೆಯಲ್ಲಿ ಜಟಕಾ ಹತ್ತಿಸಿದರೆ ಕೂಸು ದಾರಿಯಲ್ಲೇ ಹುಟ್ಟುತ್ತದೆ ಎಂಬುದು ಅಜ್ಜಿಯ ಖಚಿತ ಅಭಿಪ್ರಾಯ. ಅಪ್ಪ ಉತ್ಸಾಹದಿಂದ ಕಾರು ಹೊರಡಿಸಿ ಕೆರೆ ಏರಿಯವರೆಗೆ ಹೋದರು. ಅಲ್ಲಿ ಇಂಜಿನ್ ಜೋರಾಗಿ ಕೂಗಿತು, ಕಾರು ನಿಂತಲ್ಲೇ ನಿಂತಿತು, ಸುಟ್ಟ ವಾಸನೆ ಬಂತು. ಕ್ಲಚ್ಚು ಹೋಗಿತ್ತು. ಜನ ಹಿಡಿಸಿ ಕಾರನ್ನು ಮತ್ತೆ ಅಂಗಳಕ್ಕೆ ತಳ್ಳಿಸಿಕೊಂಡು ಬಂದರು. ದಂಡಿನ ಗ್ಯಾರೇಜುಗಳಲ್ಲೆಲ್ಲ ಮಿಲಿಟರಿ ಲಾರಿಗಳು ಸಾಲಾಗಿ ನಿಂತಿದ್ದವು. ಮೇಷ್ಟ್ರ ಕಾರನ್ನು ಮುಟ್ಟಲು ಯಾರಿಗೂ ಪುರುಸೊತ್ತಿರಲಿಲ್ಲ.

"ಅದ್ರಲ್ಲೇನಿದೆ, ನಾವೇ ಹಾಕೋಣ," ಎಂದರು ಅಪ್ಪ.

"ನಾವೇ" ಎಂದರೆ ಅವರು, ಅವರ ಸ್ನೇಹಿತರು, ಮತ್ತು ನಾನು. ಸ್ನೇಹಿತರಿಗೆ ಬ್ಲ್ಯಾಕ್‌ಪಲ್ಲಿಯಲ್ಲಿ, ಈಗಿನ ಶಿವಾಜಿನಗರದಲ್ಲಿ, ಬಟ್ಟೆ ಅಂಗಡಿ. ಮನೆ ಫ್ರೇಜರ್ ಟೌನಿನಲ್ಲಿ. ಅಪ್ಪನ ಜೊತೆ ಚದುರಂಗ ಆಡಲು ಬರುತ್ತಿದ್ದ ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಗುಜರಿ ಸಂದಿಗಳನ್ನೆಲ್ಲ ಸುತ್ತಿ, ಇದೇ ಜಾತಿಯ ಒಂದು ಮುರುಕು ಕಾರಿನ ಕ್ಲಚ್ ಪ್ಲೇಟನ್ನು ಹುಡುಕಿ, ತಮ್ಮ ಅಂಗಡಿಯ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿಕೊಂಡು ತಂದವರು ಅವರೇ. ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ. ದೊರೆ ಕಾರಿನ ಜೊತೆ ಕೊಟ್ಟಿದ್ದ ಇಂಗ್ಲಿಷ್ ಕೈಪಿಡಿಯನ್ನು ಗಟ್ಟಿಯಾಗಿ ಓದಿ, ಕೆಳಗೆ ಮಲಗಿದ ಅಪ್ಪನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ಆ ಕೈಪಿಡಿ ಬರೆದವನು ಎಲ್ಲರ ಮನೆಯಲ್ಲೂ ಒಂದು ಕಾರ್ಖಾನೆ ಇದೆಯೆಂದು ತಿಳಿದಿದ್ದ. ಅದು ಕೇಳಿದ ಒಂದು ಸಾಮಾನೂ ನಮ್ಮಲ್ಲಿರಲಿಲ್ಲ. ಅಪ್ಪ ಪ್ರತಿಯೊಂದಕ್ಕೂ ಅಡುಗೆಮನೆಯಲ್ಲಿ ಉತ್ತರ ಹುಡುಕಿದರು. ಗೇರ್‌ಬಾಕ್ಸನ್ನು ನಿಧಾನವಾಗಿ ಇಳಿಸಲು ಅಜ್ಜಿಯ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿದರು. ಹೊಸ ಪ್ಲೇಟು ನಡುಮಧ್ಯಕ್ಕೆ ಕೂರುವ ಹಾಗೆ ಹಿಡಿಯಲು ಒಂದು ದಂಡ ಬೇಕಿತ್ತು. ಅದಕ್ಕೆ ಲಟ್ಟಣಿಗೆಯನ್ನು ಹೆರೆದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಬಿಡಲು ಸೀಮೆಎಣ್ಣೆಯನ್ನು ಒಗ್ಗರಣೆ ಸೌಟಿನಲ್ಲೇ ತೆಗೆದುಕೊಂಡು ಹೋದರು.

ಅಂಗಳ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು. ಕಾರಿನ ಮೂತಿ ಮನೆಯ ಕಡೆ, ಬೆನ್ನು ಗೇಟಿನ ಕಡೆ. ಮುಂಭಾಗವನ್ನು ಜ್ಯಾಕಿನಿಂದ ಎತ್ತಿ ಎರಡು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಬೆಳಕು ಬರಲಿ ಎಂದು ಮುಂದಿನ ಗಾಲಿಗಳನ್ನು ಕಳಚಿ ಜಗಲಿಗೆ ಒರಗಿಸಿದರು. ಹಿಂದಿನ ಗಾಲಿಗಳು ನೆಲದ ಮೇಲೇ ಇದ್ದವು. ಎಡಗಾಲಿಯ ಹಿಂದೆ ಒಂದು ಇಟ್ಟಿಗೆ. ಬಲಗಾಲಿಗೆ ಸರಿಯಾದ ಇಟ್ಟಿಗೆ ಸಿಗಲಿಲ್ಲ. ಅಪ್ಪ ಹಿತ್ತಲಿಗೆ ಹೋಗಿ ಒರಳಿನ ಗುಂಡುಕಲ್ಲನ್ನು ಹೊತ್ತುಕೊಂಡು ಬಂದು ಅಲ್ಲಿಟ್ಟರು.

ಬೆಳಗ್ಗೆಯೆಲ್ಲ ಬೋಲ್ಟುಗಳೊಡನೆ ಗುದ್ದಾಟ ನಡೆಯಿತು. ಅಪ್ಪ ಕೆಳಗಿನಿಂದ "ಮುಂದೆ ಏನಂತೆ?" ಎನ್ನುವರು. ನಾನು "ಈಗ ಅದು ಸುಲಭವಾಗಿ ಹೊರಗೆ ಬರುತ್ತೆ ಅಂತೆ," ಎನ್ನುವೆ. ಅದು ಬರುತ್ತಿರಲಿಲ್ಲ.

"ಸುಲಭ ಅಂತ ಬರೆದಿದ್ದಾನಾ? ಅವನ ಮನೆ ಹಾಳಾಗ!"

ಸಾಹೇಬರು ಬಿಳಿ ಪೈಜಾಮ, ಬಿಳಿ ಜುಬ್ಬ ತೊಟ್ಟು ಬಂದಿದ್ದರು. ಎಣ್ಣೆ ತಾಗದಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಸಲಹೆ ಕೊಡುತ್ತಿದ್ದರು. "ಮಾಸ್ಟರ್, ನಿಮ್ದು ಕಾರು ಕುದುರೆ ಆಗಿದ್ರೆ ಇಷ್ಟೊತ್ತಿಗೆ ತಾನೇ ಎದ್ದು ಹೋಗ್ಬಿಡ್ತಿತ್ತು."

"ನೀವು ಕೂತಲ್ಲಿಂದ ಎದ್ರೆ ಸಾಕು ಸಾಹೇಬ್ರೇ, ಕಾರು ಆಮೇಲೆ ಏಳತ್ತೆ."

"ನಾನು ಎದ್ರೆ ಬಟ್ಟೆ ಯಾರು ಒಗೀತಾರೆ? ನಿಮ್ದು ಹೆಂಡ್ತಿ ಊರಲ್ಲಿಲ್ಲ."

ಕಡೆಗೂ ಸಾಹೇಬರು ಎದ್ದರು. ಇಬ್ಬರೂ ಸೇರಿ ಸೀರೆಯ ಜೋಲಿಯಲ್ಲಿ ಗೇರ್‌ಬಾಕ್ಸನ್ನು ಇಳಿಸಿ ನೆಲದ ಮೇಲೆ ಮಲಗಿಸಿದರು. ಕಾರು ಸ್ವಲ್ಪ ಕಿರುಗುಟ್ಟಿ ಇಟ್ಟಿಗೆಗೆ ಆತುಕೊಂಡಿತು. ಅದಕ್ಕೆ ಯಾರೂ ಗಮನ ಕೊಡಲಿಲ್ಲ.

"ಮಾಸ್ಟರ್, ಅದನ್ನ ಈಚೆ ಎಳೀರಿ, ನಿಮ್ದು ಪಕ್ಕದಲ್ಲೇ ಯಾಕೆ ಬೇಕು?"

"ಇರ್ಲಿ ಬಿಡಿ, ಮತ್ತೆ ಒಳಗೆ ತಳ್ಳೋರು ಯಾರು? ನನ್ ಸೊಂಟ ಹೋಗಿದೆ," ಎಂದು ಅಪ್ಪ ಗೇರ್‌ಬಾಕ್ಸನ್ನು ಪಕ್ಕಕ್ಕಿಟ್ಟುಕೊಂಡೇ ಮತ್ತೆ ಮಲಗಿದರು.

ಆಗ ಅಜ್ಜಿ ಹೊರಗೆ ಬಂದರು. ಅಪ್ಪನ ತಾಯಿ. ಸಣ್ಣ ಆಳು, ದೊಡ್ಡ ದನಿ. ಸೊಂಟದ ಮೇಲೆ ಕೈಯಿಟ್ಟು ಕಾರನ್ನು ಒಂದು ಸುತ್ತು ನೋಡಿದರು.

"ನನ್ ಅಡುಗೆಮನೆ ಪೂರ್ತಿ ಕಾರಿನ ಕೆಳಗೆ ಹೋಯ್ತಲ್ಲೋ! ಸೌಟೆಲ್ಲಿ? ಲಟ್ಟಣಿಗೆ ಎಲ್ಲಿ?"

"ಸಂಜೆ ಕೊಡ್ತೀನಮ್ಮ."

"ಹೆರೆದಿರೋ ಲಟ್ಟಣಿಗೆ ಇಟ್ಕೊಂಡು ನಾನೇನು ಹಲ್ಲುಜ್ಜಲಾ? ಅದಿರ್ಲಿ, ಬ್ರೇಕ್ ಹಾಕಿದೀಯೇನೋ?"

"ಹಾಕಿದೀನಮ್ಮ. ಕೈಬ್ರೇಕು. ಭದ್ರವಾಗಿದೆ."

"ಸರಿ," ಎಂದು ಅಜ್ಜಿ ಕಾರಿನ ಹಿಂದುಗಡೆಯಿಂದ ಬಳಸಿಕೊಂಡು ಹಿತ್ತಲಿಗೆ ಹೋದರು.

ಅಪ್ಪ ಸುಳ್ಳು ಹೇಳಲಿಲ್ಲ. ಕೈಬ್ರೇಕು ಬೆಳಗ್ಗೆಯೇ ಹಾಕಿತ್ತು. ಆದರೆ ಆ ಕಾರಿನ ಕೈಬ್ರೇಕು ಗಾಲಿಗಳನ್ನು ಹಿಡಿಯುವಂಥದ್ದಲ್ಲ. ಗೇರ್‌ಬಾಕ್ಸಿನ ಬೆನ್ನಿಗಿದ್ದ ಒಂದು ಡ್ರಮ್ಮನ್ನು ಹಿಡಿಯುವಂಥದ್ದು. ಗೇರ್‌ಬಾಕ್ಸ್ ಕೆಳಗಿಳಿದಾಗ ಬ್ರೇಕೂ ಅದರ ಜೊತೆಗೇ ಇಳಿದುಬಂದಿತ್ತು. ಒಳಗೆ ಬ್ರೇಕಿನ ಸನ್ನೆಕೋಲು ಎಳೆದುಕೊಂಡೇ ನಿಂತಿತ್ತು, ಅಷ್ಟೆ. ಇದು ನಮಗೆ ಹೊಳೆದದ್ದು ಆಮೇಲೆ.

ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಒರಳು ತಿರುಗುವ ಸದ್ದು ಬಂತು. ಗರಗರ, ಗರಗರ. ನಮ್ಮ ಮನೆಯಲ್ಲಿ ಗಡಿಯಾರದ ಸದ್ದಿಗಿಂತ ಹೆಚ್ಚು ಬಳಕೆಯ ಸದ್ದು ಅದು. ಯಾರೂ ತಲೆ ಎತ್ತಿ ಕೇಳುವಂಥದ್ದಲ್ಲ. ಸಾಹೇಬರು ಮಾತ್ರ ಕಣ್ಣು ಮುಚ್ಚಿ ಗಾಳಿಯಲ್ಲೇ ವಾಸನೆ ಹಿಡಿದವರಂತೆ, "ಉದ್ದಿನ್ ವಡೆ!" ಎಂದರು. "ಮಾಸ್ಟರ್, ನಿಮ್ದು ಅಮ್ಮ ನನ್ಗೋಸ್ಕರ ವಡೆಗೆ ರುಬ್ತಾ ಇದಾರೆ."

"ನನ್ ಕಾರಿನ ಪುಣ್ಯ ನಿಮಗೆ ವಡೆ," ಎಂದರು ಅಪ್ಪ ಕೆಳಗಿನಿಂದ. ನಾನೂ ನಕ್ಕೆ.

ನೆನಪಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಈ ಕ್ಷಣದ ಎದುರಿಗೆ. ಒರಳು ತಿರುಗುತ್ತಿದೆ. ಒರಳು ತಿರುಗಬೇಕಾದರೆ ಗುಂಡುಕಲ್ಲು ಒರಳಿನಲ್ಲಿರಬೇಕು. ಒರಳಿನಲ್ಲಿದ್ದರೆ ಅದು ಗಾಲಿಯ ಹಿಂದೆ ಇರಲಾರದು. ಗಣಿತದ ಮೇಷ್ಟ್ರು ಕೇಳುತ್ತಿದ್ದಾರೆ, ಬಿ.ಎ. ಓದಿದ ಮಗಳು ಕೇಳುತ್ತಿದ್ದಾಳೆ, ಚದುರಂಗದಲ್ಲಿ ಎದುರಾಳಿಯ ನಡೆಯನ್ನು ಮುಂಚೆಯೇ ಕಾಣುವ ಸಾಹೇಬರು ಕೇಳುತ್ತಿದ್ದಾರೆ. ಮೂವರಿಗೂ ಕೇಳಿಸಿದ್ದು ವಡೆ.

ಅಪ್ಪ ಹಳೆಯ ಪ್ಲೇಟನ್ನು ಹಿಡಿದಿದ್ದ ಕಡೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎರಡೂ ಕೈಯಲ್ಲಿ ಜಗ್ಗಿದರು. ಕಾರು ಅಲುಗಾಡಿತು. ಇನ್ನೊಮ್ಮೆ ಜಗ್ಗಿದರು. ಒಣ ಹಪ್ಪಳ ಮುರಿದ ಹಾಗೆ ಒಂದು ಸದ್ದು. ಎಡಗಾಲಿಯ ಇಟ್ಟಿಗೆ ಪುಡಿಯಾಗಿತ್ತು. ನನ್ನ ಕಣ್ಣೆದುರಿಗಿದ್ದ ಕಾರಿನ ಬಾಗಿಲು ಮೆಲ್ಲಗೆ ಬಲಕ್ಕೆ ಹೋಯಿತು. ಅವಸರವೇ ಇರಲಿಲ್ಲ ಅದಕ್ಕೆ. ರೈಲಿನಲ್ಲಿ ಕೂತಾಗ ಪಕ್ಕದ ಗಾಡಿ ಹೊರಟರೆ ಹೇಗೋ ಹಾಗೆ, ನಾನೇ ಚಲಿಸುತ್ತಿದ್ದೇನೆ ಎನಿಸಿತು. ಮರುಕ್ಷಣ ದಿಮ್ಮಿಗಳು ಉರುಳಿದವು. ಕಾರಿನ ಮೂತಿ ಧಡ್ ಎಂದು ಕೆಳಕ್ಕೆ ಕುಸಿಯಿತು.

ಧೂಳು. ಅದರ ನಡುವೆ ಅಪ್ಪನ ಎರಡು ಪಾದಗಳು. ಅವು ಅಲುಗಾಡಲಿಲ್ಲ.

ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೈಪಿಡಿಯನ್ನು ಎದೆಗೆ ಅವಚಿಕೊಂಡು ಆ ಪಾದಗಳನ್ನೇ ನೋಡುತ್ತಿದ್ದೆ. ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪು ಎಣ್ಣೆ ಕೂತಿತ್ತು. ಎಡಗಾಲಿನ ಹೆಬ್ಬೆರಳಿಗೆ ಮೊದಲೇ ಏಟು ತಾಗಿ ಉಗುರು ನೀಲಿಯಾಗಿತ್ತು. ಅಪ್ಪನ ಪಾದಗಳನ್ನು ನಾನು ಅಷ್ಟು ಸರಿಯಾಗಿ ನೋಡಿದ್ದು ಅದೇ ಮೊದಲು. ಆ ನೀಲಿ ಬೆರಳು ಸಣ್ಣಗೆ ಮಡಿಸಿಕೊಂಡಿತು. ಆಮೇಲೆ ಕೆಳಗಿನಿಂದ ದನಿ ಬಂತು, ಉಸಿರಿಲ್ಲದ ದನಿ:

"ಇದೀನಿ. ಇದೀನಿ. ಯಾರೂ ಕಾರು ಮುಟ್ಟಬೇಡಿ."

ಸಾಹೇಬರು ಆ ಬಿಳಿ ಬಟ್ಟೆಯಲ್ಲೇ ಎಣ್ಣೆಯ ಮಡುವಿನಲ್ಲಿ ಬೋರಲು ಬಿದ್ದು ಕಾರಿನಡಿ ತಲೆ ತೂರಿಸಿಬಿಟ್ಟಿದ್ದರು. "ಯಾ ಅಲ್ಲಾ, ಗೇರ್‌ಬಾಕ್ಸ್ ಮೇಲೆ ನಿಂತಿದೆ! ಬೇಟಿ, ಜ್ಯಾಕ್ ತಾ, ಜಲ್ದಿ!"

ಅಪ್ಪ ಸೋಮಾರಿತನದಿಂದ ಪಕ್ಕದಲ್ಲೇ ಬಿಟ್ಟುಕೊಂಡಿದ್ದ ಗೇರ್‌ಬಾಕ್ಸು ಕಾರಿನ ಭಾರವನ್ನು ತನ್ನ ಮೇಲೆ ಹೊತ್ತು ನಿಂತಿತ್ತು. ಕಾರಿಗೂ ನೆಲಕ್ಕೂ ನಡುವೆ ಉಳಿದ ಜಾಗದಲ್ಲಿ ಅಪ್ಪನ ಎದೆ ಹಿಡಿಸುತ್ತಿತ್ತು. ಅಂಗಿ ಹಿಡಿಸದೆ ಸಿಕ್ಕಿಕೊಂಡಿತ್ತು. ನಾನು ಜ್ಯಾಕ್ ತಂದು ಕೊಟ್ಟೆ. ಸಾಹೇಬರು ಅದನ್ನು ತಿರುಗಿಸುತ್ತಾ ಒಂದೇ ಸಮನೆ ಮಾತಾಡುತ್ತಿದ್ದರು. "ಮಾಸ್ಟರ್, ಮಾತಾಡ್ರಿ. ಮಾತು ನಿಲ್ಲಿಸ್ಬೇಡಿ. ಮೊನ್ನೆ ಆಟದಲ್ಲಿ ಮೋಸ ಮಾಡಿದ್ದು ನೀವೇ ತಾನೇ?"

"ನೀವು," ಎಂದಿತು ಕೆಳಗಿನ ದನಿ.

"ಆಯ್ತು, ನಾನೇ, ನಾನೇ. ಹೊರಗೆ ಬಂದ್ಬಿಡಿ."

ಅಂಗಿ ಹರಿದು, ಕಿವಿಯ ಬಳಿ ತರಚಿಕೊಂಡು ಅಪ್ಪ ಹೊರಗೆ ಬಂದರು. ಎದ್ದು ಕೂತರು. ಅಷ್ಟರಲ್ಲಿ ಸದ್ದು ಕೇಳಿ ಹಿತ್ತಲಿನಿಂದ ಓಡಿಬಂದಿದ್ದ ಅಜ್ಜಿ ಜಗಲಿಯ ಮೂಲೆಯಲ್ಲಿ ನಿಂತಿದ್ದರು. ಅವರ ಎರಡೂ ಕೈಗಳಲ್ಲಿ ಮಣಿಕಟ್ಟಿನವರೆಗೆ ಬಿಳಿಯ ಉದ್ದಿನ ಹಿಟ್ಟು. ಅಪ್ಪ ಆ ಕೈಗಳನ್ನು ನೋಡಿದರು. ತಿರುಗಿ ಬಲಗಾಲಿಯ ಹಿಂದಿನ ಬರಿ ನೆಲವನ್ನು ನೋಡಿದರು. ಅವರಿಗೆ ತಿಳಿದದ್ದು ನನಗೂ ಅದೇ ಕ್ಷಣ ತಿಳಿಯಿತು. ಸಾಹೇಬರಿಗೂ ತಿಳಿಯಿತು.

"ಮಾಸ್ಟರ್, ಆ ಗುಂಡು—" ಎಂದು ಅವರು ಬಾಯಿ ತೆರೆದರು. ಅಪ್ಪ ಅವರ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಮ್ಮ," ಎಂದರು. "ವಡೆ ಆಯ್ತಾ?"

ಅಜ್ಜಿ ಹಿಟ್ಟಿನ ಕೈಗಳಲ್ಲೇ ಬಂದು ಮಗನ ತಲೆ, ಮುಖ, ಭುಜ ಎಲ್ಲವನ್ನೂ ಮುಟ್ಟಿ ನೋಡಿದರು. ಅಪ್ಪನ ಕಪ್ಪು ಮುಖದ ತುಂಬ ಬಿಳಿಯ ಬೆರಳಚ್ಚುಗಳು ಮೂಡಿದವು.

"ಇಟ್ಟಿಗೆ ಸರಿಯಿಲ್ಲ ಅಮ್ಮ, ಪುಡಿಯಾಗೋಯ್ತು," ಎಂದು ಅಪ್ಪ ಹೇಳಿದರು.

"ಹೌದು, ಇಟ್ಟಿಗೆ ಪೂರಾ ರದ್ದಿ," ಎಂದರು ಸಾಹೇಬರು. ಅವರ ಪೈಜಾಮ ಮೊಣಕಾಲಿನಿಂದ ಕೆಳಗೆ ಕಪ್ಪಾಗಿತ್ತು.

ಅಂದು ಎಲ್ಲರೂ ವಡೆ ತಿಂದೆವು. ನಾನು ಚಟ್ನಿಯನ್ನು ಸೆರಗಿನ ಮೇಲೆ ಚೆಲ್ಲಿಕೊಂಡೆ. ಸಾಹೇಬರು ತಮ್ಮ ಪಾಲಿನದನ್ನು ತಿಂದು, ಅಪ್ಪನ ಎಲೆಯಿಂದಲೂ ತೆಗೆದುಕೊಂಡು, "ಈ ವಡೆಗೆ ಜಾನ್ ಕೊಡ್ಬಹುದು, ಪ್ರಾಣಾನೇ ಕೊಡ್ಬಹುದು," ಎಂದವರು ತಟ್ಟನೆ ಮಾತು ನಿಲ್ಲಿಸಿ ನೀರು ಕುಡಿದರು.

ಮುಂದಿನ ದಿನಗಳಲ್ಲಿ ಅಪ್ಪ ಕಾರನ್ನು ಸಂಪಿಗೆ ಮರಕ್ಕೆ ಸರಪಳಿಯಿಂದ ಬಿಗಿದು, ಎರಡೂ ಗಾಲಿಗಳಿಗೆ ಚಪ್ಪಡಿ ಕಲ್ಲು ಕೊಟ್ಟು, ಕ್ಲಚ್ಚು ಹಾಕಿ ಮುಗಿಸಿದರು. ಲಟ್ಟಣಿಗೆ ಒಳ್ಳೆಯ ಕೆಲಸ ಮಾಡಿತು. ಹೊರಡುವಾಗೆಲ್ಲ ಕಾರು ಒಮ್ಮೆ ಕುಪ್ಪಳಿಸುತ್ತಿತ್ತು. ಹಾಗೆ ಕುಪ್ಪಳಿಸುತ್ತಲೇ ಅಕ್ಕನನ್ನು ಕೃಷ್ಣರಾಜಪುರದಿಂದ ಕರೆತಂದಿತು, ಕೂಸು ಮನೆಯಲ್ಲೇ ಹುಟ್ಟಿತು. ಅಮ್ಮನಿಗೆ ಆ ಭಾನುವಾರದ ವಿಷಯ ಹೇಳುವಾಗಲೂ ನಾವು ಇಟ್ಟಿಗೆಯನ್ನೇ ಬೈದೆವು. ಅಜ್ಜಿ ನಮಗಿಂತ ಜೋರಾಗಿ ಬೈದರು. ಗುಂಡುಕಲ್ಲಿನ ಮಾತು ಅವರ ಕಿವಿಗೆ ಬೀಳದಂತೆ ನೋಡಿಕೊಂಡೆವೆಂದು ನಮಗೆ ಸಮಾಧಾನ.

ಕೂಸಿನ ನಾಮಕರಣದ ಹಿಂದಿನ ದಿನ. ಹಿತ್ತಲಿನಲ್ಲಿ ಅಜ್ಜಿ ಉದ್ದಿನಬೇಳೆ ತೊಳೆದು ಒರಳಿನ ಮುಂದೆ ಕೂತಿದ್ದರು. ಗುಂಡುಕಲ್ಲು ಒರಳಿನ ಪಕ್ಕದಲ್ಲೇ ನೆಲದ ಮೇಲಿತ್ತು. ಅವರು ಅದರ ಮೇಲೆ ಕೈಯಿಟ್ಟುಕೊಂಡಿದ್ದರು, ಎತ್ತಿರಲಿಲ್ಲ.

"ಏನಜ್ಜಿ, ಎತ್ತಿಕೊಡಲಾ?" ಎಂದೆ.

"ಬೇಡ. ನಿಮ್ಮಪ್ಪ ಎಲ್ಲಿದಾನೆ?"

"ಒಳಗಿದಾರೆ, ಕೂಸು ಆಡಿಸ್ತಾ."

"ಹೋಗಿ ನೋಡ್ಕೊಂಡು ಬಾ."

ನಾನು ಒಳಗೆ ಹೋಗಿ ನೋಡಿದೆ. ಅಪ್ಪ ಚಾಪೆಯ ಮೇಲೆ ಅಂಗಾತ ಮಲಗಿದ್ದರು, ಕೂಸು ಅವರ ಎದೆಯ ಮೇಲಿತ್ತು. ಬಂದು ಹಾಗೆಂದು ಹೇಳಿದೆ. ಆಗ ಅಜ್ಜಿ ಗುಂಡನ್ನು ಎತ್ತಿ ಒರಳಿಗೆ ಹಾಕಿದರು.