ಏಳನೇ ಕ್ಲಾಸಿನ ಅಳತೆ

"ನಾನೇ ಕೂತಿದೀನಲ್ಲ ಮೇಡಂ, ಎಲ್ಲಿ ಸಾಲ್ತಿಲ್ಲ ಹೇಳಿ. ಮೊಣಕಾಲು ತಾಗ್ತಿದ್ಯಾ? ಬೆನ್ನು ಬಗ್ಗಿದ್ಯಾ?"

"ನಿಮಗೆ ಸಾಲುತ್ತೆ ಮೇಸ್ತ್ರಿ. ಆದ್ರೆ ಇಲ್ಲಿ ಓದ್ತಿರೋದು ನೀವಲ್ಲವಲ್ಲ," ಎಂದರು ಹೆಡ್‌ಮಿಸ್.

ವಾರ್ನಿಶ್ ವಾಸನೆ ಇನ್ನೂ ಹೋಗದ ಹೊಸ ಡೆಸ್ಕು. ಅದರೊಳಗೆ ಅಚ್ಚುಕಟ್ಟಾಗಿ ಕೂತಿದ್ದ ಬಡಗಿಗೆ ಐವತ್ತು ದಾಟಿತ್ತು. ಪಾದ ನೆಲಕ್ಕೆ ಸರಿಯಾಗಿ ಊರಿತ್ತು, ಮೊಣಕೈ ಹಲಗೆಯ ಮೇಲೆ ಹಾಯಾಗಿ ಒರಗಿತ್ತು. ಹೇಗೆ ಸರಿಹೋಗದೆ ಇದ್ದೀತು, ಅಳತೆ ಅವನದೇ! ಎಲ್ಲರೂ ಬೆನ್ನ ಹಿಂದೆ ಮೋಟು ಮೇಸ್ತ್ರಿ ಎನ್ನುತ್ತಿದ್ದ ಈ ಮನುಷ್ಯ, ಕಸುಬು ಶುರು ಮಾಡಿದ ಹೊಸತರಲ್ಲೇ, ಮಕ್ಕಳನ್ನು ಅಳೆಯುವ ತಾಪತ್ರಯ ಯಾಕೆ, ಏಳನೇ ಕ್ಲಾಸಿನವರು ಹೇಗೂ ತನ್ನಷ್ಟೇ ಇರುತ್ತಾರೆ, ತನಗೆ ಹಿತವಾದರೆ ಅವರಿಗೂ ಹಿತ ಎಂದು ಲೆಕ್ಕ ಹಾಕಿದ್ದ. ಆಗ ಅದು ಸರಿಯೂ ಇತ್ತು. ಕುಳ್ಳತನವೇ ನನ್ನ ಬಂಡವಾಳ ಅಂತ ಅವನೇ ಎಲ್ಲರಿಗಿಂತ ಮೊದಲು ನಗುತ್ತಿದ್ದ.

ಈಗ ಅದೇ ಅಳತೆಯ ಡೆಸ್ಕುಗಳೆಲ್ಲ ವಾಪಸ್. ಸರಿ ಮಾಡಿಕೊಡದಿದ್ದರೆ ಆರ್ಡರ್ ಬೇರೆಯವರಿಗೆ ಎಂದು ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಅವರು ಮಾತು ಬೆಳೆಸದೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಕರೆದು ಅವನ ಜಾಗದಲ್ಲಿ ಕೂರಿಸಿದರು. ಪುಸ್ತಕ ಇಡುವ ಹಲಗೆಗೆ ಮೊಣಕಾಲು ಸಿಕ್ಕಿಕೊಂಡು, ಕಾಲನ್ನು ಪಕ್ಕಕ್ಕೆ ಚಾಚಿ, ಬೆನ್ನು ಬಿಲ್ಲಾಗಿ, ಒಂದು ಸಾಲು ಬರೆಯುವಷ್ಟರಲ್ಲಿ ಪಾಪ ಅವಳಿಗೆ ಸಾಕುಸಾಕಾಯಿತು. ಮೊದಲು ನೆಟ್ಟಗೆ ಕೂರೋದು ಕಲಿಸಿ ಇವರಿಗೆ ಎಂದು ಮೇಸ್ತ್ರಿ ಸಿಡುಕಿದ. ಆದರೆ ಹುಡುಗಿ ಎದ್ದು ನಿಂತಾಗ ಅವನ ತಲೆ ಅವಳ ಕಿವಿಯ ಮಟ್ಟಕ್ಕೆ ಬರುತ್ತಿತ್ತು, ಹಿಂದೆ ನಿಂತಿದ್ದ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು.

ಮೇಡಂ ಮೊದಲು ವಿಜ್ಞಾನದ ಟೀಚರ್ ಆಗಿದ್ದವರು, ಕೇಳಬೇಕೇ? ಹೊಟ್ಟೆ ತುಂಬ ಊಟ, ಒಳ್ಳೆ ನೀರು, ಹೊತ್ತಿಗೆ ಸರಿಯಾಗಿ ಲಸಿಕೆ ಸಿಕ್ಕಲ್ಲೆಲ್ಲ ತಲೆಮಾರಿನಿಂದ ತಲೆಮಾರಿಗೆ ಮಕ್ಕಳು ಎತ್ತರವಾಗುತ್ತಾರೆ, ಬರವೋ ಯುದ್ಧವೋ ಬಂದು ಅದು ತಪ್ಪಿದರೆ ಸರಾಸರಿ ಎತ್ತರ ಇಳಿಯುವುದೂ ಉಂಟು ಎಂದು ಪಾಠವನ್ನೇ ಶುರು ಮಾಡಿದರು. ಎತ್ತರ ಬರೋದು ಅಪ್ಪ ಅಮ್ಮನಿಂದ, ಅನ್ನದಿಂದಲ್ಲ ಎಂದು ಮೇಸ್ತ್ರಿ ಪಟ್ಟು ಹಿಡಿದ. ಅದೂ ನಿಜ, ಆದರೆ ಅಪ್ಪ ಅಮ್ಮ ಕೊಟ್ಟದ್ದು ಪೂರ್ತಿ ಕೈಗೆ ಸಿಗಬೇಕಾದರೆ ಚಿಕ್ಕಂದಿನಲ್ಲಿ ಊಟ, ಆರೋಗ್ಯ ನೆಟ್ಟಗಿರಬೇಕು ಎಂದರು ಮೇಡಂ.

ಅಷ್ಟರಲ್ಲಿ ಹೊರಗೆ ಟೆಂಪೊ ನಿಲ್ಲಿಸಿ, ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಮೇಸ್ತ್ರಿಯ ತಮ್ಮ ಒಳಗೆ ಬಂದ. ಅವನ ಅಡ್ಡಹೆಸರು ಲೈಟ್‌ಕಂಬ. ಇಬ್ಬರೂ ಒಡಹುಟ್ಟಿದವರು ಎಂದರೆ ಮೇಡಂಗೆ ನಂಬಿಕೆಯೇ ಬರಲಿಲ್ಲ.

"ಒಂದೇ ಅಪ್ಪ, ಒಂದೇ ಅಮ್ಮ," ಎಂದ ತಮ್ಮ. "ಅಣ್ಣ ಚಿಕ್ಕೋನಿದ್ದಾಗ ಮನೇಲಿ ಒಂದ್ಹೊತ್ತಿನ ಗಂಜಿಗೂ ಗತಿ ಇರ್ಲಿಲ್ಲವಂತೆ. ಹಳ್ಳದ ನೀರು ಕುಡಿದು ಯಾವಾಗ್ಲೂ ವಾಂತಿಭೇದಿ. ನಾನು ಹುಟ್ಟೋಷ್ಟರಲ್ಲಿ ಇವನು ದುಡೀತಿದ್ದ. ನಂಗೆ ದಿನಾ ಹಾಲು, ಮೊಟ್ಟೆ ತರ್ತಿದ್ದ."

ಮೇಸ್ತ್ರಿ ತಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿದ, ಹೊಸದಾಗಿ ಕಂಡವನ ಹಾಗೆ.

"ಹಾಗಾದ್ರೆ ನಾನು ಎಷ್ಟೆತ್ತರ ಆಗ್ಬೇಕಿತ್ತು ಮೇಡಂ?"

"ಅದನ್ನ ಯಾರೂ ಹೇಳೋಕಾಗಲ್ಲ ಮೇಸ್ತ್ರಿ. ಈಗ ಬದಲಾಯಿಸೋಕೂ ಆಗಲ್ಲ. ಡೆಸ್ಕು ಬದಲಾಯಿಸಬಹುದು."

ಅವನಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ. ಅಪ್ಪ ಅಮ್ಮ ಈಗಿಲ್ಲ, ಇದ್ದಿದ್ದರೂ ಅವರೇನು ಬೇಕೆಂದು ಉಪವಾಸ ಕೆಡವಿದ್ದರೇ? ಡೆಸ್ಕಿನ ಒಂದು ತುದಿ ಎತ್ತಿದ. ಇನ್ನೊಂದು ತುದಿ ತಮ್ಮನ ಕೈಯಲ್ಲಿ ಮೇಲಕ್ಕೆ ಹೋಗಿ, ಭಾರವೆಲ್ಲ ಜಾರಿ ಇವನ ಮೇಲೇ ಬಿತ್ತು.

"ಬಗ್ಗೋ, ಸ್ವಲ್ಪ ಬಗ್ಗು. ಹಾಲು ಕುಡಿಸಿದ್ದೇ ತಪ್ಪಾಯ್ತು."

ಗೊಣಗುತ್ತಲೇ ಒಂದೊಂದಾಗಿ ಎಲ್ಲವನ್ನೂ ಟೆಂಪೊಗೆ ಏರಿಸಿದ. ಎಷ್ಟು ಉಳಿ ಕೆಲಸ, ಎಷ್ಟು ಪಾಲಿಶ್, ಎಲ್ಲ ಬಿಚ್ಚಬೇಕು ಎಂದುಕೊಂಡಷ್ಟೂ ಸಿಟ್ಟು ಏರಿತು. ಆದರೂ ಹೊರಡುವ ಮೊದಲು ಗೇಟಿನ ಹತ್ತಿರ ನಿಂತಿದ್ದ ಮೇಡಂ ಬಳಿಗೆ ತಿರುಗಿ ಬಂದ.

"ಆರ್ಡರ್ ಯಾರಿಗೂ ಕೊಡ್ಬೇಡಿ. ಮುಂದಿನ ವಾರ ಟೇಪ್ ತಗೊಂಡು ಬರ್ತೀನಿ, ಯಾವ ಮಗೂಗೂ ಅವತ್ತು ರಜಾ ಕೊಡ್ಬೇಡಿ. ಒಬ್ಬೊಬ್ಬರನ್ನೂ ಕೂರಿಸಿ ಅಳೀತೀನಿ."

"ಸೋಮವಾರ ಬನ್ನಿ," ಎಂದರು ಮೇಡಂ. "ಬೆಳಿಗ್ಗೇನೇ ಬನ್ನಿ."