ರಸ್ತೆಯ ಎಡಕ್ಕಿದ್ದ ಹೊಲ

ಡೇರೆ ತರಿಸಿದ್ದು ನನ್ನ ಹೆಂಡತಿ. ಮಗಳ ಶಾಲೆಗೆ ಡಿಸೆಂಬರ್ ಕೊನೆಯಲ್ಲಿ ರಜೆ ಇತ್ತು. ಧಾರವಾಡದಿಂದ ಕಾರಿನಲ್ಲಿ ಹೊರಟು ಒಂದು ರಾತ್ರಿ ನರಗುಂದದ ಗುಡ್ಡದ ಬುಡದಲ್ಲಿ, ಇನ್ನೊಂದು ರಾತ್ರಿ ಗಜೇಂದ್ರಗಡದ ಗುಡ್ಡದ ಮೇಲೆ ಮಲಗುವುದು, ನಡುವೆ ಕೋಟೆ, ಗುಡಿ ನೋಡುವುದು ಅವಳ ಯೋಜನೆಯಾಗಿತ್ತು. ಅವ್ವ ಪಂಚಾಂಗ ತೆಗೆದು, ಎರಡನೆಯ ದಿನವೇ ಎಳ್ಳ ಅಮಾವಾಸ್ಯೆ ಎಂದಳು. ಅಲ್ಲಿಗೆ ಯೋಜನೆ ಅವ್ವನ ಕೈಗೆ ಹೋಯಿತು.

ಆ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡಿಗೆಯಲ್ಲಿ ಎಲ್ಲದರಿಂದಲೂ ಒಂದಿಷ್ಟು ತೆಗೆದು, ಕಲಸಿ, ಪೈರಿನ ಮೇಲೆ ಚೆಲ್ಲುತ್ತಾರೆ. ಅದು ಚರಗ. ಭೂಮಿ ಉಂಡ ಮೇಲೆ ಮನುಷ್ಯರ ಊಟ. ಮುಶಿಗೇರಿಯ ಹತ್ತಿರ ನಮ್ಮದೊಂದು ಹೊಲವಿದೆ. ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು ಬಹಳ ವರ್ಷಗಳಾದವು. ಆದರೂ ಅಪ್ಪ ಎಲ್ಲಿದ್ದರೂ ಅಮಾವಾಸ್ಯೆಗೆ ಬಂದು ಚರಗ ಚೆಲ್ಲಿ ಹೋಗುತ್ತಿದ್ದ. ಅಪ್ಪ ತೀರಿಕೊಂಡ ವರ್ಷ ನಾವು ಹಬ್ಬ ಮಾಡುವಂತಿರಲಿಲ್ಲ.

“ಹೋದ ವರ್ಷ ಹೊಲ ಉಪಾಸ ಕುಂತೈತಿ,” ಎಂದಳು ಅವ್ವ. “ಈ ವರ್ಷ ನನ್ನ ಕೈಯಾಗಿಂದ ಬೀಳಬೇಕು. ಆಮ್ಯಾಲೆ ನನ್ನ ಗುಡ್ಡದ ಮ್ಯಾಲೆ ಮಲಗಸ್ರಿ, ಗಿಡದ ಮ್ಯಾಲೆ ಮಲಗಸ್ರಿ.”

“ಲಾವಣಿ ಮಾಡಾವ ಚೆಲ್ಲಿರ್ತಾನಲ್ಲ ಅವ್ವ.”

“ಅವ ಚೆಲ್ಲಿದ್ದು ಅವನ ಮನೀದು. ಬಾಜೂ ಮನ್ಯಾವ ಉಂಡ್ರ ನಿನ್ನ ಹೊಟ್ಟಿ ತುಂಬತೈತೇನು?”

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಯಾವುದಕ್ಕೂ ಪುರಾವೆ ಕೇಳುವುದನ್ನು. ಅವ್ವನ ಮುಂದೆ ಅದು ಎಂದೂ ನಡೆದಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿಗಳ ಬುಟ್ಟಿಗಳು ಡಿಕ್ಕಿಯನ್ನು ಹಿಡಿದವು. ಡೇರೆ ಮಗಳ ಕಾಲ ಕೆಳಗೆ ಹೋಯಿತು. ಹೆಂಡತಿ ತಂದ ನೂಡಲ್ಸ್ ಪೊಟ್ಟಣಗಳನ್ನು ಅವ್ವ ಬುಟ್ಟಿಗಳು ಅಲುಗಾಡದಂತೆ ಸಂದಿಯಲ್ಲಿ ತುರುಕಿದಳು.

ನರಗುಂದದಲ್ಲಿ ಅವ್ವ ಗುಡ್ಡ ಹತ್ತಲಿಲ್ಲ. ಪರಿಚಯದವರ ಕಣದಲ್ಲಿ ಬುಟ್ಟಿ ಕಾಯುತ್ತ ಕುಳಿತಳು. ನಾವು ಮೂವರು ಹತ್ತಿದೆವು. ಚಿಕ್ಕವನಿದ್ದಾಗ ಮೇಲೆ ದೊಡ್ಡದೊಂದು ಹೊಂಡ ನೋಡಿದ್ದೆ, ಅದರಲ್ಲಿ ಎಮ್ಮೆಗಳು ಈಜುತ್ತಿದ್ದವು ಎಂದು ಮಗಳಿಗೆ ದಾರಿಯುದ್ದಕ್ಕೂ ಹೇಳಿದೆ. ಮೇಲೆ ಸಿಕ್ಕ ಹೊಂಡದಲ್ಲಿ ಒಂದು ಎಮ್ಮೆ ಮಲಗಿದರೆ ಇನ್ನೊಂದು ದಂಡೆಯ ಮೇಲೆ ನಿಲ್ಲಬೇಕಿತ್ತು.

“ಎಮ್ಮಿ ಗುಡ್ಡ ಹ್ಯಾಂಗ ಹತ್ತಿದ್ವು ಅಪ್ಪಾ?” ಎಂದಳು ಮಗಳು. ಆ ಕಡಿದಾದ ಮೆಟ್ಟಿಲುಗಳನ್ನು ನೋಡಿ ನನಗೂ ಅದೇ ಪ್ರಶ್ನೆ ಬಂತು. ಎಮ್ಮೆಗಳು ಬೇರೆ ಯಾವುದೋ ಊರಿನ ಕೆರೆಯವು ಇರಬೇಕು, ನೆನಪಿನಲ್ಲಿ ಇಲ್ಲಿಗೆ ಬಂದಿವೆ. ನನ್ನ ನೆನಪುಗಳಲ್ಲಿ ಹೀಗೆ ಜಾಗ ಬದಲಿಸಿದವು ಎಷ್ಟಿವೆಯೋ. ಇಳಿಯುವಾಗ ಅದನ್ನೇ ಯೋಚಿಸುತ್ತಿದ್ದೆ. ಕೋಟೆಯ ಗೋಡೆಗಳನ್ನು ಸರಿಯಾಗಿ ನೋಡಲೇ ಇಲ್ಲ.

ಮರುದಿನ ಅವ್ವ ನಸುಕಿನಲ್ಲೇ ಎದ್ದು ಕಣದಲ್ಲಿ ಮೂರು ಕಲ್ಲು ಹೂಡಿ ಅನ್ನ, ಬದನೆಕಾಯಿ ಪಲ್ಯ, ಪುಂಡಿಪಲ್ಯ ಮಾಡಿದ್ದಳು. ಯಾವಗಲ್, ರೋಣ ದಾಟಿ ಮುಶಿಗೇರಿಯ ಕಡೆ ಹೊರಟೆವು. ದಾರಿಯಲ್ಲಿ ಎಲ್ಲ ಟ್ರ್ಯಾಕ್ಟರುಗಳಲ್ಲೂ ಹೊಸ ಸೀರೆಗಳು, ಬುಟ್ಟಿಗಳು.

“ಲಾವಣಿಯವಗ ಒಂದು ಫೋನ್ ಮಾಡ್ರಿ,” ಎಂದಳು ಹೆಂಡತಿ.

“ಬ್ಯಾಡ. ಹೊಲ ನನಗ ಗೊತ್ತೈತಿ.”

ನಿಜಕ್ಕೂ ಗೊತ್ತಿತ್ತು. ರಸ್ತೆಯ ಎಡಕ್ಕೆ, ಸ್ವಲ್ಪ ಇಳಿಜಾರು, ಬದುವಿನಲ್ಲಿ ಬನ್ನಿಗಿಡ. ಎಮ್ಮೆಗಳ ವಿಷಯದಲ್ಲಿ ಸೋತಿದ್ದರಿಂದಲೋ ಏನೋ, ಇದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಎಡಕ್ಕೆ ಇಳಿಜಾರು ಕಂಡಿತು. ಕಾರು ನಿಲ್ಲಿಸಿದೆ.

ಅವ್ವ ಇಳಿದು ಸುತ್ತ ನೋಡಿದಳು. “ಬನ್ನಿಗಿಡ ಎಲ್ಲೈತೋ?”

“ಕಡದಿರಬೇಕು.”

“ಆ ಕಡೆ ಹೊಲದಾಗ ಒಂದು ಕಾಣತೈತಿ ನೋಡು.”

“ಬನ್ನಿಗಿಡ ಎಲ್ಲಾರ ಹೊಲದಾಗೂ ಇರ್ತಾವ ಅವ್ವ. ಇದ ನಮ್ಮ ಹೊಲ.”

ಅವ್ವ ವಾದಿಸಲಿಲ್ಲ. ಅವಳು ಯಾವಾಗಲೂ ಚಕ್ಕಡಿಯಲ್ಲಿ ಹಿಂದಕ್ಕೆ ಮುಖ ಮಾಡಿ, ಗಡಿಗೆ ಹಿಡಿದು ಕುಳಿತು ಬಂದವಳು. ದಾರಿ ನೋಡುವ ಕೆಲಸ ಅಪ್ಪನದು. ಐದು ಕಲ್ಲು ಹುಡುಕಿ, ತೊಳೆದು, ಸಾಲಾಗಿ ಇಟ್ಟು ಪಾಂಡವರೆಂದು ಪೂಜೆ ಮಾಡಿದಳು. ಹೋದ ವರ್ಷದ ಬಾಕಿಯೂ ತೀರಲೆಂದು ಹೋಳಿಗೆ, ಕರ್ಚಿಕಾಯಿ ಒಂದೂ ಉಳಿಸದೆ ಅಡಿಗೆ ಕಲಸಿ ಬುಟ್ಟಿ ಹಿಡಿದು ಜೋಳದಲ್ಲಿ ಇಳಿದಳು. “ಹುಲ್ಲುಲ್ಲಿಗೋ” ಎಂದು ಕೂಗಿ ಚೆಲ್ಲಿದಳು. ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ ಹೊರಟ ನಾನು “ಸಲಾಂಬ್ರಿಗೋ” ಎನ್ನಬೇಕು. ಮೊದಲು ಗಂಟಲಲ್ಲೇ ಅಂದೆ. ಅವ್ವ ತಿರುಗಿ ನೋಡಿದ ಮೇಲೆ ಜೋರಾಗಿ ಅಂದೆ. ನಾಲ್ಕೂ ಬದು ಮುಗಿಸುವ ಹೊತ್ತಿಗೆ ಬುಟ್ಟಿ ಬರಿದಾಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಗ ಅವಳ ಮುಖ ನೋಡಿ ನಾನೂ ಹಗುರಾದೆ.

ರಸ್ತೆ ದಾಟಿ ಒಬ್ಬ ಓಡುತ್ತ ಬಂದ. ಲಾವಣಿಯವನು. ಅವನ ಹಿಂದೆ ಚರಗದ ಬುಟ್ಟಿ ಹೊತ್ತ ಅವನ ಹೆಂಡತಿ.

“ಅವ್ವಾರ, ಇಲ್ಲೇನ್ ಮಾಡಾಕತ್ತೀರಿ? ಮುಂಜಾನಿಂದ ಆ ಗಿಡದ ಬುಡಕ ನಿಮ್ಮ ಹಾದೀನ ಕಾಯಾಕತ್ತೀವಿ. ಯಾರೋ ಗಾಣದವರ ಬೀಗರು ಬಂದಾರಂತ ನೋಡಕೋತ ಕುಂತಿದ್ವಿ.”

“ಇದು ಯಾರ ಹೊಲ?” ಎಂದಳು ಅವ್ವ.

“ಗಾಣದವರದ್ರಿ. ನಿಮ್ದು ಆ ಕಡೆ ಐತಿ, ರಸ್ತೆ ಬಲಕ್ಕ.”

ಆಗ ನನಗೆ ಹೊಳೆಯಿತು. ನಾನು ಚಿಕ್ಕವನಿದ್ದಾಗ ಅಪ್ಪನ ನೌಕರಿ ಗಜೇಂದ್ರಗಡದಲ್ಲಿ. ಆ ಕಡೆಯಿಂದ ಬಂದರೆ ಹೊಲ ಎಡಕ್ಕೆ. ಈ ಸಲ ಬಂದದ್ದು ರೋಣದ ಕಡೆಯಿಂದ. ನೆನಪು ಸರಿಯಾಗಿಯೇ ಇತ್ತು, ನಾನು ತಿರುಗಿ ನಿಂತಿದ್ದೆ. ಇದನ್ನು ವಿವರಿಸಲು ಬಾಯಿ ತೆರೆದೆ. ನನ್ನ ಹೆಂಡತಿ ಕಣ್ಣಲ್ಲೇ ಬೇಡ ಎಂದಳು.

ಅವ್ವ ಬರಿ ಬುಟ್ಟಿ ಹಿಡಿದು ಬದುವಿನ ಮೇಲೆ ಕುಳಿತಳು. “ಎರಡು ವರ್ಷ ಉಪಾಸ ಆತು,” ಎಂದಳು. ಯಾರಿಗೂ ಅಲ್ಲ. ಉಳಿದ ರೊಟ್ಟಿ, ಅನ್ನ ಇದ್ದವು. ಆದರೆ ಕರ್ಚಿಕಾಯಿ, ಹೋಳಿಗೆ ಖಾಲಿ. ಎಲ್ಲವೂ ಕೂಡದೆ ಚರಗ ಆಗುವುದಿಲ್ಲ.

“ನಾವಿನ್ನೂ ಚೆಲ್ಲಿಲ್ರಿ ಅವ್ವಾರ,” ಎಂದಳು ಲಾವಣಿಯವನ ಹೆಂಡತಿ. “ನೀವು ಬರ್ಲಿ ಅಂತ ಇಟ್ಟೀವಿ. ನಮ್ಮ ಬುಟ್ಟೀನ ನೀವ ಹಿಡೀರಿ.”

“ನಿಮ್ಮ ಒಲೀದು ನಮ್ಮ ಮನಿ ಲೆಕ್ಕಕ್ಕ ಹ್ಯಾಂಗ ಬರ್ತೈತವ್ವಾ?”

“ಹಂಗಾರ ನಿಮ್ಮ ಅನ್ನ ನಮ್ಮ ಬುಟ್ಟ್ಯಾಗ ಕಲಸ್ರಿ. ಆಮ್ಯಾಲೆ ಯಾವುದು ಯಾರದಂತ ಹೊಲಕ್ಕ ಏನ್ ತಿಳೀತೈತಿ?”

ಅವ್ವ ಆ ಬುಟ್ಟಿಯೊಳಗೆ ಬಗ್ಗಿ ನೋಡಿದಳು. ಆಮೇಲೆ ಎದ್ದು ಉಳಿದ ಅನ್ನ, ಪಲ್ಯ, ರೊಟ್ಟಿ ತರಿಸಿ, ಆ ಬುಟ್ಟಿಯಲ್ಲಿ ಹಾಕಿ ತಾನೇ ಕಲಸಿದಳು. ರಸ್ತೆ ದಾಟಿದೆವು. ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು ಮೊದಲೇ ಇದ್ದವು. ಅವ್ವ ತಂಬಿಗೆಯನ್ನು ಈ ಸಲ ನನಗೆ ಕೊಡಲಿಲ್ಲ, ಮಗಳಿಗೆ ಕೊಟ್ಟಳು. ಮಗಳು ನನಗಿಂತ ಜೋರಾಗಿ ಕೂಗಿದಳು. ಊಟಕ್ಕೆ ಲಾವಣಿಯವರ ಹೋಳಿಗೆಯೂ ನಮ್ಮ ನೂಡಲ್ಸೂ ಆದವು. ಲಾವಣಿಯವನು ನೂಡಲ್ಸನ್ನು ಶಾವಿಗೆ ಎಂದುಕೊಂಡು ಸಕ್ಕರೆ ಕೇಳಿದ.

ಸಂಜೆ ಗಜೇಂದ್ರಗಡದ ಗುಡ್ಡಕ್ಕೆ ಹೋದೆವು. ಗಾಳಿಯಂತ್ರಗಳಿಗೆ ಮಾಡಿದ ಮಣ್ಣಿನ ರಸ್ತೆ ಇದೆ, ಕಾರು ಮೇಲಿನವರೆಗೆ ಹೋಗುತ್ತದೆ. ಗಾಳಿಗೆ ಡೇರೆ ನಿಲ್ಲಿಸುವುದು ಕಷ್ಟವಾಯಿತು. ಹೆಂಡತಿ, ಮಗಳು ಗೂಟ ಬಡಿಯುತ್ತಿದ್ದರು. ಅವ್ವ ಅಂಚಿನ ಬಂಡೆಯ ಮೇಲೆ ಕುಳಿತು ಕೆಳಗಿನ ಬಯಲು ನೋಡುತ್ತಿದ್ದಳು. ಜೋಳ, ಕಡಲೆ, ನಡುವೆ ಕರಿ ಪಟ್ಟೆಗಳು.

“ನಮ್ಮ ಹೊಲ ಯಾ ಕಡೆ ಬರ್ತೈತಿ?” ಎಂದು ಕೇಳಿದಳು.

ಬೆರಳು ಎತ್ತಿದ್ದೆ. ಇಳಿಸಿದೆ. “ಗೊತ್ತಾಗವಲ್ದು ಅವ್ವ.”

“ಇದನ್ನ ಮುಂಜಾನೆ ಅಂದಿದ್ರ ಚಲೋ ಇತ್ತು,” ಎಂದಳು. ಸಿಟ್ಟಿರಲಿಲ್ಲ. ಮತ್ತೆ ಬಯಲ ಕಡೆ ತಿರುಗಿದಳು. “ಹೋಗ್ಲಿ ಬಿಡು. ಎರಡೂ ಹೊಲ ಉಂಡಾವ.”